ಟಪಾಲಿನವನ ಮಗಳ ಪರೀಕ್ಷೆ

ವಿಲಾಯತಿಗೆ ಹೋಗಿ ಬಂದವನು ಮೊದಲು ಹಡಗಿನ ಕಥೆ ಹೇಳಬೇಕು, ಆಮೇಲೆ ಲಂಡನ್ನಿನ ದೊಡ್ಡ ಗಡಿಯಾರದ ಕಥೆ. ನಾನು ಎರಡನ್ನೂ ಬಿಡುತ್ತೇನೆ. ಹಡಗಿನಲ್ಲಿ ಹೊಟ್ಟೆ ತೊಳಸಿ ಮಲಗಿಯೇ ಇದ್ದೆ. ಲಂಡನ್ನಿನಲ್ಲಿ ಮಂಜು ಕವಿದು ಗಡಿಯಾರದ ಗೋಪುರದ ಬುಡವಷ್ಟೇ ಕಂಡಿತು. ನಾನು ಹೇಳಹೊರಟದ್ದು ಅಲ್ಲಿಂದ ರೈಲಿನಲ್ಲಿ ಅರ್ಧ ದಿನದ ದಾರಿಯಲ್ಲಿದ್ದ ಒಂದು ಸಣ್ಣ ಊರಿನ ಶಾಲೆಯ ಮಾತು, ಆ ಊರಿನಲ್ಲಿ ಟಪಾಲು ಹಂಚುವವನ ಮನೆಯ ಮಾತು.

ನಾನು ಪಾಟೀಲ, ಶಾಲಾ ತಪಾಸಣೆಯ ಅಧಿಕಾರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಹಳ್ಳಿಯ ಶಾಲೆಗಳನ್ನು ಬಸ್ಸಿನಲ್ಲಿ, ಚಕ್ಕಡಿಯಲ್ಲಿ, ಸೈಕಲ್ಲಿನಲ್ಲಿ ಇಪ್ಪತ್ತು ವರ್ಷ ಸುತ್ತಿ, ಮಕ್ಕಳನ್ನು ಪಾಸು ನಪಾಸು ಮಾಡಿದವನು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ, ಹೊರದೇಶದ ಶಾಲೆಗಳನ್ನು ನೋಡಿ ಬರಲು ಕೆಲವರನ್ನು ಕಳಿಸುವ ಯೋಜನೆಯೊಂದು ಬಂತು. ಯಾರ ಪುಣ್ಯವೋ, ಅದರಲ್ಲಿ ನನ್ನ ಹೆಸರಿತ್ತು. ಜೊತೆಗೆ ತಾಳಿಕೋಟೆಯ ಇಮಾಮಸಾಬ ಮಾಸ್ತರರು. ಶಾಲೆಯ ಮಕ್ಕಳಿಗೆ ತಕಲಿಯಲ್ಲಿ ನೂಲು ತೆಗೆಯುವುದನ್ನು ಕಲಿಸುವವರು. ಇಂಗ್ಲಿಷು ನಾಲ್ಕು ಮಾತು, ಧೈರ್ಯ ನಾಲ್ಕು ಮಣ.

ಅಲ್ಲಿನವರ ಮಾತನ್ನು ನಾನಿಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅವರು ಆಡಿದ್ದು ಇಂಗ್ಲಿಷು, ನಿಜ. ನನ್ನ ನೆನಪಿನಲ್ಲಿ ಉಳಿದದ್ದು ಮಾತ್ರ ಹೀಗೆಯೇ.

ಸೋಮವಾರ, ತರಗತಿಯ ಬಾಗಿಲು

ಅದು ಸ್ಟೈನರ್ ಪದ್ಧತಿಯ ಶಾಲೆ. ಪದ್ಧತಿ ಏನೆಂದು ತಿಳಿಸುವ ಪುಸ್ತಕವೊಂದನ್ನು ನನಗೆ ಮುಂಬಯಿಯಲ್ಲೇ ಕೊಟ್ಟಿದ್ದರು. ಹಡಗಿನಲ್ಲಿ ಓದಲಿಲ್ಲ, ಕಾರಣ ಆಗಲೇ ಹೇಳಿದ್ದೇನೆ. ಹಾಗಾಗಿ ಏನೂ ಗೊತ್ತಿಲ್ಲದೆಯೇ ಮೂರನೆಯ ತರಗತಿಯ ಬಾಗಿಲಲ್ಲಿ ಹೋಗಿ ನಿಂತೆ.

ಬಾಗಿಲಲ್ಲಿ ಆ ತರಗತಿಗೆ ಪಾಠ ಹೇಳುವ ಬಾಯಿಯವರು, ಮಿಸ್ ಕೂಪರ್, ನಿಂತಿದ್ದರು. ನಡುವಯಸ್ಸು, ಮಂಡಿಯವರೆಗೆ ಕೆಸರು ಮೆತ್ತಿದ ಬೂಟು. ಒಂದೊಂದು ಮಗು ಬಂದಾಗಲೂ ಅದರ ಎತ್ತರಕ್ಕೆ ಬಗ್ಗಿ, ಕೈ ಕುಲುಕಿ, ಮುಖ ನೋಡಿ ಒಂದು ಮಾತು ಕೇಳುತ್ತಿದ್ದರು: ನಾಯಿಯ ಕಾಲು ವಾಸಿಯಾಯಿತೇ, ತಮ್ಮ ರಾತ್ರಿ ಅತ್ತನೇ. ಅವರ ಕೈ ಬಿಟ್ಟ ಮಗು ಪಕ್ಕದಲ್ಲಿದ್ದ ನನ್ನ ಕಡೆಗೂ ಕೈ ಚಾಚಿತು.

ಇಪ್ಪತ್ತು ವರ್ಷ ನಾನು ಮಕ್ಕಳ ಕೈ ಹಿಡಿದದ್ದು ಒಂದೇ ಕಾರಣಕ್ಕೆ. ರೂಢಿಯ ಬಲ ನೋಡಿ: ಆ ಕೈಯನ್ನು ಹಿಡಿದು, ತಿರುಗಿಸಿ, ಉಗುರು ಸ್ವಚ್ಛವಾಗಿವೆಯೇ ಎಂದು ನೋಡಿದೆ. ಇದು ಹಿಂದುಸ್ತಾನದ ನಮಸ್ಕಾರದ ಬಗೆ ಇರಬೇಕೆಂದು ಆ ಹುಡುಗ ಇನ್ನೊಂದು ಕೈಯನ್ನೂ ತಿರುಗಿಸಿ ತೋರಿಸಿದ. ಹಿಂದಿದ್ದವರು ನೋಡಿದರು. ಅಲ್ಲಿಂದ ಮುಂದೆ ಇಪ್ಪತ್ತಾರು ಮಕ್ಕಳೂ ಮಿಸ್ ಕೂಪರ್‌ಗೆ ಕೈ ಕೊಡುವುದು, ನನ್ನ ಮುಂದೆ ಎರಡೂ ಕೈಗಳ ಉಗುರು ಹಿಡಿದು ಗಂಭೀರವಾಗಿ ತಲೆ ಬಾಗಿಸುವುದು. ನಾವು ಅಲ್ಲಿದ್ದ ಮೂರು ವಾರವೂ ಈ ಮರ್ಯಾದೆ ತಪ್ಪಲಿಲ್ಲ.

"ಸಾಹೇಬ್ರ," ಅಂದರು ಇಮಾಮಸಾಬ ಮಾಸ್ತರರು, "ವಿಲಾಯತಿಗೂ ನಿಮ್ಮ ಉಗುರಿನ ತಪಾಸಣಿ ಬಂತು ನೋಡ್ರಿ. ಇನ್ನ ಹೇನು ನೋಡಾಕ ಹೋಗಬ್ಯಾಡ್ರಿ, ಕೈ ಮುಗೀತೇನಿ."

ಹೆಡ್‌ಮಾಸ್ತರರಿಗೆ ಹೊದಿಸಲೆಂದು ವಿಜಾಪುರದಿಂದ ಒಂದು ಶಾಲು ಒಯ್ದಿದ್ದೆ. ಹೆಡ್‌ಮಾಸ್ತರರು ಯಾರೆಂದು ಕೇಳಿದರೆ ಇಲ್ಲವೆಂದರು. ರಜೆಯ ಮೇಲಿದ್ದಾರೆಯೇ ಎಂದೆ. ಅಲ್ಲ, ಇಲ್ಲವೇ ಇಲ್ಲ. ಗುರುವಾರ ಸಂಜೆ ಮಾಸ್ತರರೆಲ್ಲ ಸುತ್ತ ಕೂತು ಮಾತಾಡಿ ಎಲ್ಲವನ್ನೂ ಗೊತ್ತು ಮಾಡುತ್ತಾರಂತೆ. ಶಾಲನ್ನೂ ಅವರ ಸಭೆಗೆ ಒಪ್ಪಿಸಿದೆ. ಶುಕ್ರವಾರ ನೋಡಿದರೆ ಅದು ಮಕ್ಕಳ ನಾಟಕದ ರಾಜನ ಹೆಗಲ ಮೇಲಿತ್ತು. ರಾಜನಿಗೆ ಏಳು ವರ್ಷ.

ಬುಧವಾರ, ಮೂರನೆಯ ತರಗತಿ

ನಮ್ಮನ್ನು ಇಳಿಸಿದ್ದು ಟಾಮ್ ಎಂಬವನ ಮನೆಯಲ್ಲಿ. ಸೈಕಲ್ಲಿನ ಮೇಲೆ ಊರಿಗೆಲ್ಲ ಟಪಾಲು ಹಂಚುವವನು, ಉದ್ದನೆಯ ಆಳು, ಮಾತು ಕಡಿಮೆ. ಅವನ ಹೆಂಡತಿ ಮೇರಿ ಶಾಲೆಯ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದಳು. ಒಬ್ಬಳೇ ಮಗಳು ರೋಸ್, ಒಂಬತ್ತು ವರ್ಷ, ಮಿಸ್ ಕೂಪರ್ ಅವರ ತರಗತಿ. ನಾವು ಬಂದ ಗಳಿಗೆಯೇ ನನಗೆ ಕಾಕಾ ಎಂದಳು, ಇಮಾಮಸಾಬರಿಗೆ ಮಾಸ್ತರ ಎಂದಳು. ನಾವು ಒಯ್ದ ಶೇಂಗಾ ಹಿಂಡಿಯನ್ನು, ಖಾರದ ಆ ಚಟ್ನಿಪುಡಿಯನ್ನು, ಅವರಪ್ಪ ಒಂದು ಚಮಚ ತಿಂದು ಬಾವಿಯಷ್ಟು ನೀರು ಕುಡಿದರೆ, ಇವಳು ಕಣ್ಣಲ್ಲಿ ನೀರು ಹಾಕಿಕೊಂಡೇ ಎರಡನೆಯ ಸಲ ಕೈ ಚಾಚಿದಳು.

ತರಗತಿಯಲ್ಲಿ ಕಂಡದ್ದನ್ನೆಲ್ಲ ಹೇಳಹೋದರೆ ಮುಗಿಯುವುದಿಲ್ಲ. ಮೂರರ ಮಗ್ಗಿಯನ್ನು ಮಕ್ಕಳು ಬಾಯಿಗಿಂತ ಕಾಲಿನಿಂದ ಹೇಳುತ್ತಿದ್ದರು: ಒಂದು, ಎರಡು ಮೆಲ್ಲಗೆ, ಮೂರಕ್ಕೆ ಧಪ್ಪೆಂದು ನೆಲಕ್ಕೆ. ಗಂಡು ಹುಡುಗರು ಮೂಲೆಯಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದರು. ಅಚ್ಚಾದ ಪಠ್ಯಪುಸ್ತಕ ಒಂದೂ ಇರಲಿಲ್ಲ. ಬಾಯಿಯವರು ಕಥೆಯಂತೆ ಪಾಠ ಹೇಳುವುದು, ಮಕ್ಕಳು ಅದನ್ನು ತಮ್ಮ ದೊಡ್ಡ ಬಿಳಿ ವಹಿಯಲ್ಲಿ ಬಣ್ಣದಲ್ಲಿ ಬರೆದು, ಚಿತ್ರ ತೆಗೆದು, ತಮ್ಮ ಪುಸ್ತಕವನ್ನು ತಾವೇ ಮಾಡಿಕೊಳ್ಳುವುದು. ಆ ವಾರದ ಪಾಠ ಗೋದಿ. ಉಳುವುದರಿಂದ ಹಿಡಿದು ರೊಟ್ಟಿ ಸುಡುವವರೆಗೆ. ಬಾಯಿಯವರ ಬೂಟಿನ ಕೆಸರು ಎಲ್ಲಿಯದೆಂದು ಆಗ ತಿಳಿಯಿತು; ಶಾಲೆಯ ಹಿಂದಿನ ಹೊಲದಲ್ಲಿ ಬಿತ್ತಿ ಬಂದಿದ್ದರು.

ಇಷ್ಟು ಚೆಂದದ ತರಗತಿಯಲ್ಲಿ ಸುಮ್ಮನೆ ಕೂರಬಾರದೇ? ನನಗಾಗಲಿಲ್ಲ. ಒಬ್ಬರನ್ನಾದರೂ ಎಬ್ಬಿಸಿ ಓದಿಸದಿದ್ದರೆ ನನಗೆ ಉಂಡದ್ದು ಜೀರ್ಣವಾಗುವುದಿಲ್ಲ. ಮನೆಯ ಮಗು, ಅಪ್ಪನಿಗೂ ಸಂತೋಷವಾದೀತೆಂದು ರೋಸ್‌ಳನ್ನೇ ಎಬ್ಬಿಸಿದೆ. "ನಿನ್ನ ವಹಿ ತಗೀ. ಓದು."

ಓದಿದಳು. ಹೊಲ, ಮಳೆ, ತೆನೆ, ಬೀಸುವ ಕಲ್ಲು, ಒಲೆ, ಎಲ್ಲಿಯೂ ತಡವರಿಸದೆ, ಹಾಳೆ ತಿರುವಬೇಕಾದಲ್ಲಿ ತಿರುವಿ, ಗಂಟೆ ಬಾರಿಸಿದಂಥ ದನಿಯಲ್ಲಿ. ನಾನು ಶಾಬಾಸ್ ಎನ್ನುವವನಿದ್ದೆ. ಆದರೆ ಕೈ ತನ್ನಷ್ಟಕ್ಕೆ ಮುಂದೆ ಹೋಯಿತು. ಬಾಗೇವಾಡಿ ತಾಲೂಕಿನಲ್ಲಿ ಒಮ್ಮೆ ಒಬ್ಬ ಹುಡುಗ ಪುಸ್ತಕವನ್ನು ತಲೆಕೆಳಗೆ ಹಿಡಿದು ಪಾಠವನ್ನೆಲ್ಲ ಒಪ್ಪಿಸಿದ್ದ. ಅಂದಿನಿಂದ ಇದೊಂದು ಯುಕ್ತಿ ನನ್ನದು. ಹಾಳೆಯನ್ನು ಅಂಗೈಯಿಂದ ಮುಚ್ಚಿ, ಒಂದೇ ಶಬ್ದ ಕಾಣುವಂತೆ ಬಿಟ್ಟು ಕೇಳಿದೆ: "ಇದೇನು?"

ಆ ಶಬ್ದ ರೊಟ್ಟಿ. ಅವಳು ಅದನ್ನು ನೋಡಿದಳು, ನನ್ನ ಅಂಗೈಯ ಅಂಚಿನಲ್ಲಿ ಇಣುಕುತ್ತಿದ್ದ ಹೊಲದ ಚಿತ್ರವನ್ನು ನೋಡಿದಳು, ನನ್ನ ಮುಖ ನೋಡಿದಳು. "ಹೊಲ?" ಎಂದಳು.

ಅವಳ ಕಿವಿ ಕೆಂಪಾದವು. ತಪ್ಪೆಂದು ನನಗಿಂತ ಮೊದಲು ಅವಳಿಗೇ ಗೊತ್ತಾಗಿತ್ತು.

ಮಿಸ್ ಕೂಪರ್ ಎದ್ದು ನಿಂತು, "ಎಲ್ಲಾರೂ ಏಳ್ರಿ, ಹಿಟ್ಟು ನಾದೂ ಹೊತ್ತಾತು," ಎಂದರು. ಮಕ್ಕಳು ತೋಳು ಮಡಿಸುತ್ತ ಅಡಿಗೆಮನೆಗೆ ಓಡಿದರು. ಹಜಾರದಲ್ಲಿ ನಾನು ಅವರನ್ನು ತಡೆದು ಹೇಳಿದೆ: "ಬಾಯಿಯವರ, ಆ ಹುಡುಗಿಗೆ ಓದಾಕ ಬರೂದಿಲ್ಲ."

"ಗೊತ್ತೈತ್ರಿ. ಎಲ್ಲಾರಗಿಂತ ಆಕೀಗೆ ತಡಾ ಆಗೇತಿ. ಆದ್ರ ಈ ಮಕ್ಕಳ ಜೋಡಿ ನಾ ಎಂಟು ವರ್ಷ ಇರ್ತೇನಿ, ಒಂದ ತರಗತಿಯಿಂದ ಇನ್ನೊಂದಕ್ಕ, ಎಲ್ಲಾರೂ ಕೂಡೇ. ಆಕಿ ಎಲ್ಲಿ ಅದಾಳ ಅಂತ ನನಗ ದಿನಾ ಗೊತ್ತಿರ್ತೈತಿ."

"ಅವರಪ್ಪಗ?"

"ಹೇಳೇನ್ರಿ. ಆತ ಕೇಳ್ಯಾನ. ಕಣ್ಣಲೆ ನೋಡಿಲ್ಲ."

ನೋಡುವ ದಿನ ನನ್ನಿಂದಾಗಿ ಬಂತು. ಸಂಜೆ ಊಟಕ್ಕೆ ಕೂತಾಗ, ಯಾರೂ ಕೇಳದಿದ್ದರೂ, ರೋಸ್ ತಾನೇ ಹೇಳಿದಳು: "ಅಪ್ಪಾ, ಇವತ್ತ ಕಾಕಾ ನನಗ ಒಂದು ಶಬ್ದಾ ಕೇಳಿದ್ರು. ನನಗ ಬರಲಿಲ್ಲ." ಟಾಮ್ ಚಮಚ ಕೆಳಗಿಟ್ಟ. ಅಂದು ಅವನು ಮತ್ತೆ ಅದನ್ನು ಎತ್ತಲಿಲ್ಲ.

ಹೊರಗೆ ಬಂದಾಗ ಇಮಾಮಸಾಬರು ಅಂದರು: "ಉಂಡ ಮನಿ ಕೂಸನ್ನ ಎಬ್ಬಿಸಿ ನಿಲ್ಲಿಸೂದಿತ್ತೇನ್ರಿ ಸಾಹೇಬ್ರ? ಇದು ನಿಮ್ಮ ಸಿಂದಗಿ ಅಲ್ರಿ."

ಶನಿವಾರ, ಕಿಟಕಿಯ ಎರಡು ಬದಿ

ಆ ಶಾಲೆಗೆ ಜವಾನನಿಲ್ಲ. ತಿಂಗಳಿಗೊಂದು ಶನಿವಾರ ಮಕ್ಕಳ ತಾಯಿ ತಂದೆಯರೇ ಬಂದು ಗುಡಿಸಿ, ತೊಳೆದು, ಮುರಿದದ್ದನ್ನು ಕೂಡಿಸಿ ಹೋಗುತ್ತಾರೆ. ಊರಿನ ಡಾಕ್ಟರು ಗಟಾರಿನಲ್ಲಿ ಕೈ ಹಾಕಿದ್ದರು. ಗೋಡೆ ಕಟ್ಟುವ ಗೌಂಡಿಯೊಬ್ಬ ಅವರಿಗೆ ಗದರಿಸಿ ಹೇಳುತ್ತಿದ್ದ: ಹಾಗಲ್ಲ, ಹೀಗೆ. ಮೇರಿ ದೊಡ್ಡ ಬೋಗುಣಿಯಲ್ಲಿ ಸಾರು ಕುದಿಸುತ್ತಿದ್ದಳು. ಇಮಾಮಸಾಬರು ಮೆಟ್ಟಿಲ ಮೇಲೆ ಕೂತು ತಕಲಿ ತೆಗೆದಿದ್ದರು. ಅಲ್ಲಿ ಹತ್ತಿ ಎಲ್ಲಿ ಸಿಗಬೇಕು. ಕುರಿಯ ಉಣ್ಣೆ ಕೊಟ್ಟರು. ಅದು ಇವರ ಕೈಗೆ ಬಗ್ಗದೆ ಪಟಪಟನೆ ಹರಿಯತೊಡಗಿತು. ಸುತ್ತ ನಿಂತ ಹುಡುಗರು ತಡೆಯಲಾರದೆ ಕೆಳಗೆ ಕೂತು, ಉಣ್ಣೆಯನ್ನು ಹೇಗೆ ಹಿಂಜಿಕೊಳ್ಳಬೇಕೆಂದು ಮಾಸ್ತರರಿಗೇ ಕಲಿಸಿದರು. "ಏ, ನಾ ಮಾಸ್ತರ ಅದೇನ್ಲೇ!" ಎಂದು ಇವರು ಕನ್ನಡದಲ್ಲಿ ಗದರುವುದು, ಅವರು ಕೇಕೆ ಹಾಕುವುದು. ಊಟದ ಹೊತ್ತಿಗೆ ಅವರೆಲ್ಲರಿಗೂ "ಲೇ" ಬಾಯಿಗೆ ಬಂದಿತ್ತು.

ನನ್ನ ಪಾಲಿಗೆ ಬಂದದ್ದು ಕಿಟಕಿ. ಒಳಗಿನಿಂದ ನಾನು ಒರೆಸುತ್ತಿದ್ದೆ, ಹೊರಗಿನಿಂದ ಟಾಮ್. ನಡುವೆ ಒಂದೇ ಗಾಜು. ಅವನ ಅರಿವೆ ಎಲ್ಲಿ ಹೋದರೆ ನನ್ನ ಅರಿವೆ ಅಲ್ಲಿ. ಮೇಲಿನ ತೆರೆದ ಕಿಂಡಿಯಿಂದ ಅವನ ಮಾತು ಬಂತು.

"ಪಾಟೀಲ್ರ, ನಾ ಊರ ತುಂಬ ಮಂದಿ ಹೆಸರ ಓದಿ ಓದಿ ಪತ್ರಾ ಕೊಡಾಂವ. ನನ್ನ ಮಗಳಿಗೆ ಲಕೋಟಿ ಮ್ಯಾಲಿನ ಹೆಸರ ತಿಳಿಯೂದಿಲ್ಲ. ನಮ್ಮ ಆಫೀಸಿನ್ಯಾಗ ಏನಂತಾರ ಗೊತ್ತೈತೇನ್ರಿ? ಟಾಮ, ನಿನ್ನ ಮಗಳಿಗೆ ಪತ್ರಾ ಹಾಕೂದಿದ್ರ ಚಿತ್ರಾ ತಗದು ಹಾಕೂಣೇನು, ಅಂತಾರ."

ನಾನು ಒರೆಸುತ್ತಲೇ ಇದ್ದೆ.

"ಮೇರಿಗೆ ಈ ಸಾಲಿ ಅಂದ್ರ ಜೀವ. ನನಗೂ ಇಲ್ಲಿ ಮಂದಿ ಸೇರ್ತಾರ. ಆದ್ರ ಸೇರೂದು ಬ್ಯಾರೆ, ಮಗಳ ಬಾಳೇ ಬ್ಯಾರೆ. ನೀವು ಪರೀಕ್ಷಾ ಮಾಡೂದನ್ನ ನೌಕರಿ ಮಾಡಿಕೊಂಡಾವ್ರು. ಇಲ್ಲಿಯವ್ರೂ ಅಲ್ಲ, ಯಾರ ಕಡೆಯವ್ರೂ ಅಲ್ಲ. ನಾಳೆ ರವಿವಾರ ಸರಿಯಾಗಿ ಪರೀಕ್ಷಾ ಮಾಡಿ ಹೇಳ್ರಿ. ಪಾಸಾದ್ರ ಇಲ್ಲೇ ಇರ್ಲಿ. ನಪಾಸಾದ್ರ ಸೋಮವಾರ ಸರಕಾರಿ ಸಾಲಿಗೆ ಹೆಸರ ಹಚ್ಚತೇನಿ."

ಗಾಜು ಎಷ್ಟು ಸ್ವಚ್ಛವಾಗಿತ್ತೆಂದರೆ ಅವನ ಮುಖದಿಂದ ತಪ್ಪಿಸಿಕೊಳ್ಳಲು ಒಂದು ಕಲೆಯೂ ಉಳಿದಿರಲಿಲ್ಲ. ಆಗಲಿ ಎಂದೆ.

ಮನೆಗೆ ನಡೆಯುವಾಗ ಈ ಮಾತನ್ನು ಇಮಾಮಸಾಬರಿಗೆ ಹೇಳಿದೆ. ಅವರು ಕೇಳಿದರು: "ಒಂದು ಮಾತು ಕೇಳ್ತೇನ್ರಿ, ಸಿಟ್ಟಾಗಬಾರದು. ನೀವು ನಪಾಸ ಮಾಡಿದ ಹುಡುಗೂರು ಮರುವರ್ಷ ಸಾಲಿಗೆ ಬರ್ತಾವೇನ್ರಿ?"

"ಬರ್ತಾವ."

"ನೋಡೀರೇನು?"

ವರ್ಷಕ್ಕೊಮ್ಮೆ ಒಂದು ದಿನ ಹೋಗುವವನು ನಾನು. ಇದ್ದವರನ್ನು ನೋಡುತ್ತೇನೆ. ಇಲ್ಲದವರನ್ನು ಹೇಗೆ ನೋಡಲಿ?

"ನಾ ನೋಡೇನ್ರಿ ತಾಳಿಕ್ವಾಟಿಯೊಳಗ," ಎಂದರು. "ಗಂಡ ಹುಡುಗೂರು ಒಂದಿಷ್ಟು ತಿರಗಿ ಬರ್ತಾವ. ಹೆಣ್ಣುಡುಗೂರು ಬರೂದಿಲ್ರಿ. ತಮಗಿಂತ ಸಣ್ಣವ್ರ ಜೋಡಿ ಕುಂಡ್ರಾಕ ನಾಚಿಕಿ. ಮನ್ಯಾಗಿನವ್ರಿಗೂ ಬಿಡಸಾಕ ಒಂದು ನೆವಾ ಸಿಕ್ಕಂಗ ಆಗ್ತೈತಿ."

ಮನೆ ಬಂತು.

ರವಿವಾರ, ಅಡಿಗೆಮನೆಯ ಮೇಜು

ಟಾಮ್ ಮೇಜನ್ನು ಒರೆಸಿ, ಮೇಲೆ ಒಂದು ವರ್ತಮಾನ ಪತ್ರಿಕೆ, ನಾಲ್ಕು ಹಳೆಯ ಲಕೋಟೆ, ಒಂದು ಸೀಸದಕಡ್ಡಿ ಇಟ್ಟಿದ್ದ. ತಾನು ಟೈ ಕಟ್ಟಿಕೊಂಡಿದ್ದ. ಮೇರಿ ನಮ್ಮ ಕಡೆ ಬೆನ್ನು ಮಾಡಿ, ಆಗಲೇ ಸುಲಿದಿದ್ದ ಬಟಾಟೆಗಳನ್ನು ಮತ್ತೆ ತೊಳೆಯುತ್ತಿದ್ದಳು. ರೋಸ್ ಬಂದು ನನ್ನೆದುರು ಕೂತು, ರೂಢಿಯಂತೆ ಎರಡೂ ಕೈಗಳ ಉಗುರು ತೋರಿಸಿದಳು.

ನನಗೆ ಗೊತ್ತಿದ್ದ ಹಾಗೆ, ಯಾವ ರಿಯಾಯಿತಿಯೂ ಇಲ್ಲದೆ ಪರೀಕ್ಷೆ ಮಾಡಿದೆ. ಅಕ್ಷರಗಳೆಲ್ಲ ಬಂದವು. ತನ್ನ ಹೆಸರು, ಅಪ್ಪ, ಅವ್ವ, ಬೆಕ್ಕು ಬಂದವು. ಲೆಕ್ಕ ಕೇಳಿದರೆ ಮೇಜಿನ ಕೆಳಗೆ ಕಾಲು ಧಪ್ಪೆನ್ನುವುದು, ಮೇಲೆ ಉತ್ತರ ಬರುವುದು, ಒಂದೂ ತಪ್ಪಲಿಲ್ಲ. ಲಕೋಟೆ ಕೊಟ್ಟೆ. ಮೊದಲ ಅಕ್ಷರ ಹಿಡಿದಳು, ಎರಡನೆಯದು ಹಿಡಿದಳು, ಮೂರನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಕೈಬಿಟ್ಟಿತು. ಪತ್ರಿಕೆಯನ್ನು ನಾನು ತೆರೆಯಲೇ ಇಲ್ಲ.

"ಹೇಳ್ರಿ ಪಾಟೀಲ್ರ," ಎಂದ ಟಾಮ್, "ಪಾಸೋ ನಪಾಸೋ?"

"ಓದಿನ್ಯಾಗ ನಪಾಸು."

ನೀರಿನ ಸಪ್ಪಳ ನಿಂತಿತು. ರೋಸ್ ನಮ್ಮಿಬ್ಬರನ್ನೂ ನೋಡಿ ಕೇಳಿದಳು: "ನಪಾಸು ಅಂದ್ರ ಏನು ಕಾಕಾ?"

ಅವಳ ಶಾಲೆಯಲ್ಲಿ ಆ ಮಾತೇ ಇರಲಿಲ್ಲ. ಅದರ ಅರ್ಥ ಹೇಳಬೇಕಾದ ಸರದಿ ನನ್ನದಾಯಿತು. "ನಮ್ಮ ಕಡಿ ಏನಂದ್ರ, ಗೆಳತ್ಯಾರೆಲ್ಲ ಮುಂದಿನ ತರಗತಿಗೆ ಹೋಗ್ತಾರ. ನಪಾಸಾದಾಕಿ ಹಿಂದ ಉಳೀತಾಳ."

"ಮಿಸ್ ಕೂಪರ್?"

"ಅವ್ರು ಉಳಿಯೂದಿಲ್ಲ."

"ಹಂಗಾದ್ರ ಹಿಂದ ಉಳದಾಕೀಗೆ ಓದಾಕ ಯಾರು ಕಲಸ್ತಾರ? ಆಕೀಗೇ ಬರೂದಿಲ್ಲಲ್ಲ?"

ಈ ಪ್ರಶ್ನೆಗೆ ನಾನು ಟಾಮನ ಕಡೆ ತಿರುಗಿ ಉತ್ತರ ಕೊಟ್ಟೆ. "ಟಾಮ್, ನಪಾಸು ಅನ್ನೂದು ನನ್ನ ಕೆಲಸ, ಅಂದೇನಿ. ನಪಾಸಾದ ಕೂಸಿಗೆ ಮುಂದೇನ ಮಾಡಬೇಕು ಅನ್ನೂದು ನನಗ ಗೊತ್ತಿಲ್ಲ. ನಾ ಬರೂ ದಿನಾ ಹಳ್ಯಾಗ ಓದಾಕ ಬರದ ಹುಡುಗೂರ್ನ ಮನ್ಯಾಗ ಕುಂಡ್ರಸ್ತಾರ, ದನಾ ಕಾಯಾಕ ಕಳಸ್ತಾರ, ನನ್ನ ಕಣ್ಣಿಗೆ ಬೀಳಬಾರದಂತ. ಅದೂ ನನಗ ಗೊತ್ತೈತಿ. ನಾಕು ತಾಲೂಕಿನ್ಯಾಗ ಒಂದು ಕೂಸೂ ಮನಿಗೆ ಹೋಗಿ, ಅಪ್ಪಾ ನನಗ ಬರಲಿಲ್ಲ ಅಂತ ತಾನಽ ಹೇಳಿದ್ದು ನಾ ಕೇಳಿಲ್ಲ. ನಿನ್ನ ಮಗಳು ಬುಧವಾರ ಹೇಳಿದ್ಲು. ಅಂಜಿಕಿ ಇಲ್ಲ ಆಕೀಗೆ. ಓದು ಕಲಸಾಕ ಬರ್ತೈತಿ. ಅಂಜಿದ ಕೂಸಿನ ಅಂಜಿಕಿ ತಗಿಯೂದು ನನಗಂತೂ ಬಂದಿಲ್ಲ. ಇಷ್ಟಽ ನಾ ಹೇಳಾಕ ಬರೂದು. ಮುಂದಿಂದು ನಿನಗ ಬಿಟ್ಟದ್ದು."

ಟಾಮ್ ಟೈ ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. ಹಿತ್ತಲಿಗೆ ಹೋಗಿ, ಏನೂ ಆಗಿರದ ಸೈಕಲ್ಲಿನ ಗಾಲಿ ಬಿಚ್ಚಿ, ಸಂಜೆಯವರೆಗೆ ಮತ್ತೆ ಜೋಡಿಸಿದ.

ಸೋಮವಾರ ಮುಂಜಾನೆ ಅವನು ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟ. ನಾವಿಬ್ಬರೂ ನಡೆದು ಹಿಂಬಾಲಿಸಿದೆವು. ಇಗರ್ಜಿಯ ಮುಂದೆ ದಾರಿ ಒಡೆಯುತ್ತದೆ: ಎಡಕ್ಕೆ ಸರಕಾರಿ ಶಾಲೆ, ಬಲಕ್ಕೆ ಇವಳದು. ಅಲ್ಲಿ ಅವನು ಒಂದು ಕಾಲೂರಿ ನಿಂತ. ಇಮಾಮಸಾಬರು ನನ್ನ ತೋಳು ಹಿಡಿದಿದ್ದರು; ಬಿಟ್ಟ ಮೇಲೆ ನೋಡಿದರೆ ಬೆರಳಿನ ಗುರುತು. ಸೈಕಲ್ಲು ಬಲಕ್ಕೆ ತಿರುಗಿತು.

ಆದರೆ ಅವನು ಮಗಳನ್ನು ಇಳಿಸಿ ಹೋಗಲಿಲ್ಲ. ಟಪಾಲಿನ ಚೀಲ ಹೆಗಲಲ್ಲಿದ್ದಂತೆಯೇ ಮಕ್ಕಳ ಸಾಲಿನಲ್ಲಿ ನಿಂತು, ಅವನ ಸರದಿ ಬಂದಾಗ ಮಿಸ್ ಕೂಪರ್ ಅವರ ಕೈ ಕುಲುಕಿ ಹೇಳಿದ: "ವಸಂತದ ರಜಾ ತನಕಾ ತಡೀತೇನ್ರಿ. ಅಷ್ಟರಾಗ ಆಕಿ ಒಂದು ಪತ್ರಾ ತಾನಽ ಓದಬೇಕು. ಬಾಯಿಪಾಠ ಅಲ್ಲ. ಮೊದಲ ಆಕಿ ಕೇಳಿರಬಾರದು, ನೀವೂ ನೋಡಿರಬಾರದು."

"ಆಗ್ಲಿ," ಎಂದರು ಮಿಸ್ ಕೂಪರ್. "ನಾಳಿಂದ ಮುಂಜಾನೆ ಎಲ್ಲಾರಕಿಂತ ಮೊದಲ ಆಕೀನ್ನ ಕಳಸ್ರಿ, ನಾ ಜೋಡಿ ಕುಂಡ್ರತೇನಿ. ಪತ್ರಾ ಬರಿಯೂದು ಯಾರು?"

ಇಬ್ಬರೂ ನನ್ನ ಕಡೆ ನೋಡಿದರು.

ಹೊರಡುವ ದಿನ, ರೈಲು ನಿಲ್ದಾಣ

ಮೂರನೆಯ ವಾರದ ಕೊನೆಗೆ ಟಾಮ್ ನಮ್ಮ ಟ್ರಂಕುಗಳನ್ನು ನಿಲ್ದಾಣಕ್ಕೆ ತಂದ. ಇಮಾಮಸಾಬರ ತಕಲಿ ಮೂರನೆಯ ತರಗತಿಯ ಪಾಲಾಗಿತ್ತು. ಅವರ ಕೊರಳಿಗೆ ಹುಡುಗರು ಹೆಣೆದ ಉಣ್ಣೆಯ ಪಟ್ಟಿ ಬಂದಿತ್ತು. ಒಂದು ತುದಿ ಅಗಲ, ಒಂದು ತುದಿ ಸಪೂರ. ಮುಂಬಯಿಯ ಬಿಸಿಲಿನಲ್ಲೂ ಅವರು ಅದನ್ನು ತೆಗೆಯಲಿಲ್ಲ.

"ಸುಲಭ ಬರೀಬ್ಯಾಡ್ರಿ," ಎಂದ ಟಾಮ್. "ತ್ರಾಸಿಂದೂ ಬರೀಬ್ಯಾಡ್ರಿ. ಪತ್ರಾ ಯಾರ ಹೆಸರಿಗೆ ಬರ್ತೈತೋ ಅವ್ರಽ ಒಡೀಬೇಕು, ಅದು ನಮ್ಮ ಟಪಾಲಿನವ್ರ ನೇಮ. ನಾ ಆಕಿ ಕೈಗೆ ಕೊಡ್ತೇನಿ. ಓದಿ ಹೇಳೂದಿಲ್ಲ."

ರೋಸ್ ನನಗೆ ಕೈ ಕೊಟ್ಟಳು. ಈ ಸಲ ನಾನು ಅದನ್ನು ತಿರುಗಿಸಲಿಲ್ಲ.

ಮುದ್ದೇಬಿಹಾಳ

ಊರಿಗೆ ಬಂದು ಪತ್ರ ಬರೆಯಲು ಕೂತರೆ ಕೈ ಓಡಲಿಲ್ಲ. ಬರೆದದ್ದೆಲ್ಲ ತಪಾಸಣೆಯ ವರದಿಯಂತೆ ಇತ್ತು. ಮೂರು ಹಾಳೆ ಹರಿದೆ. ನನ್ನ ಮನೆಯಾಕೆ ನೋಡಿ, "ಕೂಸಿಗೆ ಬರಿಯೂ ಪತ್ರಾನೋ, ಕಲೆಕ್ಟರಿಗೆ ಬರಿಯೂ ಅರ್ಜೀನೋ?" ಎಂದಳು. ಆ ವಾರ ನಮ್ಮ ಆಡು ಈದಿತ್ತು. ಅದನ್ನೇ ಬರೆಯಿರಿ ಎಂದವಳೂ ಅವಳೇ. ಬರೆದೆ, ಸಣ್ಣ ಸಣ್ಣ ಇಂಗ್ಲಿಷು ಶಬ್ದಗಳಲ್ಲಿ, ಬಿಡಿಸಿ ಬಿಡಿಸಿ: ನಮ್ಮ ಆಡಿಗೆ ಎರಡು ಮರಿ. ಒಂದು ಕಂದು, ಒಂದು ಕಪ್ಪು. ಒಂದಕ್ಕೆ ನಿನ್ನ ಹೆಸರಿಡಬೇಕು. ಯಾವುದಕ್ಕೆ?

ಸಂಕ್ರಾಂತಿ ಹೋಯಿತು. ಶಿವರಾತ್ರಿ ಹೋಯಿತು. ಹೋಳಿಯ ಬಣ್ಣ ಗೋಡೆಯ ಮೇಲೆ ಒಣಗಿತು. ತಾಳಿಕೋಟೆಯಿಂದ ಬಸ್ಸು ಬಂದಾಗಲೆಲ್ಲ ಯಾರದಾದರೂ ಕೈಯಲ್ಲಿ ಇಮಾಮಸಾಬರ ಚೀಟಿ: "ಬಂತೇನ್ರಿ?" ಇಲ್ಲವೆಂದು ಅದೇ ಬಸ್ಸಿನಲ್ಲಿ ಹೇಳಿ ಕಳಿಸುತ್ತಿದ್ದೆ. ಮರಿಗಳಿಗೆ ಕೋಡು ಮೂಡತೊಡಗಿದವು, ಹೆಸರು ಮಾತ್ರ ಇರಲಿಲ್ಲ.

ಯುಗಾದಿಗೆ ನಾಲ್ಕು ದಿನವಿದ್ದಾಗ ನಮ್ಮೂರ ಟಪಾಲಿನವನು ಕಟ್ಟೆಯ ಮೇಲೆ ಸೈಕಲ್ಲು ಒರಗಿಸಿ ಕೂಗಿದ: "ಸಾಹೇಬ್ರ, ವಿಲಾಯತಿ ಪತ್ರಾ ಬಂದೈತ್ರಿ! ಆದ್ರ ವಿಳಾಸ ಬರದಾವ್ರು ಯಾರ್ರಿ, ಕೋಳಿ ಕೆದರಿದಂಗ ಐತಿ? ಇಷ್ಟು ದೂರ ಹೆಂಗ ಮುಟ್ಟಿತೋ!"

ನೀಲಿ ಕಾಗದದ ಮೇಲೆ ಒಂದೊಂದು ಅಕ್ಷರವೂ ಒಂದೊಂದು ದಿಕ್ಕಿಗೆ ವಾಲಿತ್ತು. ನನ್ನ ಹಳೆಯ ಬುದ್ಧಿ ಆಗಲೂ ಸುಮ್ಮನಿರಲಿಲ್ಲ: ವಿಳಾಸವನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು, ಅದು ಓದಲ್ಲ. ಒಡೆದೆ. ಒಳಗೆ ಎರಡು ಮರಿಗಳ ಚಿತ್ರ, ಬಣ್ಣ ತುಂಬಿದ್ದು. ಅಡಿಯಲ್ಲಿ ಟಾಮನ ಕೈಬರಹದಲ್ಲಿ ಸಣ್ಣದೊಂದು ಸಾಲು: ನಾನು ತಂದು ಕೊಟ್ಟೆ, ಅಷ್ಟೇ, ಹನ್ನೊಂದು ದಿನ ಜೇಬಿನಲ್ಲಿಟ್ಟುಕೊಂಡು ಆಕೆಯೇ ಓದಿದಳು, ಶಾಲೆ ಬದಲಿಸುವುದಿಲ್ಲ.

ನಡುವೆ, ವಿಳಾಸದ ಅದೇ ವಾಲುವ ಅಕ್ಷರಗಳಲ್ಲಿ, ರೋಸ್ ಬರೆದದ್ದು ಎರಡೇ ಸಾಲು.

"ಕಂದು ಮರಿಗೆ. ಹಾಗಾದರೆ ಕಪ್ಪು ಮರಿಗೆ ಏನು?"

ಗಟ್ಟಿಯಾಗಿ ಓದಿದೆ. ಟಪಾಲಿನವನು ಕಟ್ಟೆಯ ಮೇಲೆಯೇ ಕೂತ. ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಸ್ತಿಲಿಗೆ ಬಂದಳು.

"ಕರೀದಕ್ಕ ಏನಂತ ಬರೀಲಿ?" ಎಂದು ಅವಳನ್ನೇ ಕೇಳಿದೆ.

"ನನಗ್ಯಾಕ ಕೇಳ್ತೀರಿ? ಪ್ರಶ್ನಿ ನಿಮಗ ಬಂದೈತಿ," ಎಂದಳು.

ನಾನು ಪತ್ರವನ್ನು ಜೇಬಿಗಿಟ್ಟುಕೊಂಡು ಹಿತ್ತಲಿಗೆ ಹೋಗಿ, ಕಪ್ಪು ಮರಿಯ ಮುಂದೆ ಕೂತೆ.